ಬೀದರ್‌ನಿಂದ ಕಲಬುರಗಿಗೆ ಹತ್ತು ನಿಮಿಷ?

ಮಕ್ಕಳೇ, ಈ ವಾರ ಒಂದು ನಕ್ಷೆ, ಒಂದು ದಾರ, ಒಂದು ಅಳತೆಪಟ್ಟಿ ಹಿಡಿದು ಅಜ್ಜ-ಅಜ್ಜಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಲೆಕ್ಕ ಮಾಡೋಣ.

ಕಲ್ಯಾಣ ಕರ್ನಾಟಕದ ಉತ್ತರ ಮೂಲೆಯಲ್ಲಿ ಎರಡು ಚಿಕ್ಕ ವಿಮಾನ ನಿಲ್ದಾಣಗಳಿವೆ. ಕಲಬುರಗಿಯದು 2019ರ ನವೆಂಬರ್‌ನಲ್ಲಿ ಶುರುವಾಯಿತು. ಬೀದರ್‌ನ ವಾಯುಪಡೆ ನೆಲೆಯಲ್ಲಿ ಪ್ರಯಾಣಿಕರ ವಿಮಾನ ಬಂದದ್ದು 2020ರ ಫೆಬ್ರುವರಿಯಲ್ಲಿ. ಇವೆರಡರ ನಡುವೆ ನೇರ ದೂರ ಎಷ್ಟು?

ಬಸವಕಲ್ಯಾಣದ ಮೇಲೆ ಬೆರಳಿಡಿ. ಬೀದರ್ ನಿಲ್ದಾಣ ಅಲ್ಲಿಂದ ಹೆಚ್ಚುಕಡಿಮೆ ನೇರ ಪೂರ್ವಕ್ಕೆ, ಸುಮಾರು 57 ಕಿ.ಮೀ. ಕಲಬುರಗಿ ನಿಲ್ದಾಣ ನೇರ ದಕ್ಷಿಣಕ್ಕೆ, ಸುಮಾರು 63 ಕಿ.ಮೀ. ಮೂರೂ ಊರು ಸೇರಿಸಿದರೆ ಲಂಬಕೋನ ತ್ರಿಭುಜ! ಈಗ ಪೈಥಾಗೊರಸ್ ಪ್ರಮೇಯ ಹಾಕಿ. 57ರ ವರ್ಗ 3249, 63ರ ವರ್ಗ 3969, ಒಟ್ಟು 7218. ಅದರ ವರ್ಗಮೂಲ ಹತ್ತಿರ ಹತ್ತಿರ 85. ದಾರದಿಂದ ಅಳೆದರೂ ಇದರ ಆಸುಪಾಸಿಗೇ ಬರುತ್ತದೆ.

ಗಂಟೆಗೆ 500 ಕಿ.ಮೀ. ಹೋಗುವ ವಿಮಾನಕ್ಕೆ 85 ಕಿ.ಮೀ. ಎಂದರೆ ಹತ್ತೇ ನಿಮಿಷ! ಆದರೆ ಸ್ವಲ್ಪ ತಾಳಿ. ವಿಮಾನ ಮೊದಲು ನೆಲದ ಮೇಲೆ ಉರುಳಬೇಕು, ಏರಬೇಕು, ತಿರುಗಬೇಕು, ನಿಧಾನವಾಗಿ ಇಳಿಯಬೇಕು. ಪೂರ್ತಿ ವೇಗ ಬರುವಷ್ಟರಲ್ಲಿ ಊರೇ ಬಂದಿರುತ್ತದೆ. ಅದಕ್ಕೂ ಮುಂಚೆ ನಿಲ್ದಾಣಕ್ಕೆ ಹೋಗಿ, ತಪಾಸಣೆ ಮುಗಿಸಿ ಕಾಯಬೇಕು. ಹತ್ತು ನಿಮಿಷದ ಹಾರಾಟಕ್ಕೆ ಎರಡು ಗಂಟೆಯ ಸಿದ್ಧತೆ!

ಕಲಬುರಗಿಯ ಆಸ್ಪತ್ರೆಗೆ ಹೊರಟ ಹುಮನಾಬಾದಿನ ಅಜ್ಜನಿಗೆ ಈ ವಿಮಾನದಿಂದ ಏನು ಲಾಭ? ಅದನ್ನು ಹತ್ತಲು ಅವರು ಮೊದಲು ಬೀದರ್‌ಗೆ, ಅಂದರೆ ಹಿಂದಕ್ಕೆ ಹೋಗಬೇಕು. ರೈಲಾದರೋ ಅವರ ಊರಲ್ಲೇ ನಿಲ್ಲುತ್ತದೆ. ಸುಮಾರು 110 ಕಿ.ಮೀ. ಉದ್ದದ ಬೀದರ್–ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ದಾರದ ಅಳತೆಗಿಂತ 25 ಕಿ.ಮೀ. ಹೆಚ್ಚಾದರೂ ಅಜ್ಜನಿಗೆ ಅದೇ ಹತ್ತಿರದ ದಾರಿ.

ಹಾಗಾದರೆ ಚಿಕ್ಕ ದೂರಕ್ಕೆ ವಿಮಾನವೇ ಬೇಡವೇ? ಬೇಕು, ನಡುವೆ ಸಮುದ್ರವಿದ್ದರೆ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆ ಮತ್ತು ಪಾಪಾ ವೆಸ್ಟ್ರೆ ಎಂಬ ಎರಡು ಪುಟ್ಟ ನಿಲ್ದಾಣಗಳಿವೆ. ನಡುವಿನ ದೂರ ಸುಮಾರು 2.7 ಕಿ.ಮೀ. ವೇಳಾಪಟ್ಟಿಯಲ್ಲಿ ಎರಡೇ ನಿಮಿಷ. ಒಮ್ಮೆ 53 ಸೆಕೆಂಡಿನಲ್ಲೇ ಮುಗಿದಿತ್ತು! ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನ ಅದು. ಅಲ್ಲಿನ ಮೇಷ್ಟ್ರು, ರೋಗಿಗಳು ಬಸ್ಸು ಹತ್ತಿದಂತೆ ವಿಮಾನ ಹತ್ತುತ್ತಾರೆ.

ಇನ್ನು ದೂರ ಹೆಚ್ಚಾದರೂ ವಿಮಾನವೇ ಗೆಲ್ಲುತ್ತದೆ. ಬೀದರ್‌ನಿಂದ ಬೆಂಗಳೂರಿಗೆ ನೇರ ದೂರ ಸುಮಾರು 520 ಕಿ.ಮೀ. ರೈಲಿನಲ್ಲಿ ಇಡೀ ರಾತ್ರಿ, ವಿಮಾನದಲ್ಲಿ ಒಂದು ಗಂಟೆಗೆ ತುಸು ಮೇಲೆ.

ಈ ವಾರದ ಕೆಲಸ: ನಿಮ್ಮೂರಿನಿಂದ ಜಿಲ್ಲಾ ಕೇಂದ್ರಕ್ಕೆ ದಾರದ ದೂರ ಅಳೆಯಿರಿ. ಪಕ್ಕದಲ್ಲಿ ಬಸ್ಸಿನ ದೂರ ಬರೆಯಿರಿ. ಮೂರನೆಯದಾಗಿ, ಮನೆ ಬಾಗಿಲಿನಿಂದ ಹೊರಟು ತಲುಪುವವರೆಗಿನ ಹೊತ್ತು ಬರೆಯಿರಿ. ಅಜ್ಜ ನಿಮ್ಮ ವಯಸ್ಸಿನಲ್ಲಿದ್ದಾಗ ಅಷ್ಟೇ ದೂರಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಕೇಳಿ, ಅದನ್ನೂ ಸೇರಿಸಿ.