ಸಾಲ ತೀರಿತ್ತು, ಕೋರ್ಟಿಗೆ ಗೊತ್ತಿರಲಿಲ್ಲ

ಮಕ್ಕಳೇ, ನಮ್ಮ ಕಳಸದ ಕಡೆ ಜಡಿಮಳೆ ಹಿಡಿದರೆ ಟ್ರಂಕಿನೊಳಗಿನ ಕಾಗದಕ್ಕೂ ಬೂಷ್ಟು ಬರುತ್ತದೆ. ಮೊನ್ನೆ ಹಳೆಯ ಪತ್ರಗಳನ್ನೆಲ್ಲ ಬಚ್ಚಲೊಲೆಯ ಹತ್ತಿರ ಹರಡಿದ್ದೆ. ಮೊಮ್ಮಗಳು ಕೋರ್ಟಿನ ಮೊಹರಿದ್ದ ಒಂದು ಹಾಳೆ ಎತ್ತಿಕೊಂಡಳು. “ಅಜ್ಜಾ, ಸಾಲ ಕೊಟ್ಟಾಗಿದೆ ಅಂತ ಬರೆದಿದೆ. ಕೊಟ್ಟಾದ ಮೇಲೆ ಕಾಗದ ಯಾಕೆ?”

2001ರ ಹೊತ್ತಿಗೆ ಪ್ರಪಂಚದ ಪೇಟೆಯಲ್ಲೇ ಕಾಫಿ ಬೆಲೆ ನೆಲಕಚ್ಚಿತ್ತು. ಗೊಬ್ಬರಕ್ಕೆಂದು ಮಾಡಿದ ಕೈಸಾಲ ಅಪ್ಪಯ್ಯನಿಂದ ತೀರಿಸಲಾಗಲಿಲ್ಲ. ಸಾಹುಕಾರರು ಮೂಡಿಗೆರೆ ಕೋರ್ಟಿನಲ್ಲಿ ದಾವೆ ಹಾಕಿದರು, ಡಿಕ್ರಿ ಆಯಿತು. ಡಿಕ್ರಿ ಎಂದರೆ, ಇಷ್ಟು ಹಣ ಕೊಡಲೇಬೇಕು ಎಂಬ ಕೋರ್ಟಿನ ತೀರ್ಮಾನ. ಅಂದಿನಿಂದ ಅಪ್ಪಯ್ಯ ಕಳಸದ ಪೇಟೆಗೆ ಹೋಗುವುದನ್ನೇ ಬಿಟ್ಟರು. ಸಾಮಾನು ತರಲು ನಾನೇ ಹೋಗಬೇಕಿತ್ತು.

ಮುಂದೆ ಒಂದು ವರ್ಷ ರೋಬಸ್ಟಾ ಮಾರಿದ ದುಡ್ಡನ್ನು ಸಾಹುಕಾರರ ಮನೆಗೇ ಒಯ್ದು ಕೊಟ್ಟು, ರಸೀದಿ ಬರೆಸಿಕೊಂಡು ಬಂದರು. ಆ ದಿನ ಮನೆಯಲ್ಲಿ ಹೋಳಿಗೆ! ಅಮ್ಮ ಮಾತ್ರ ಕೇಳಿದಳು: “ಕೋರ್ಟಿಗೆ ಹೇಳಿದಿರಾ?”

“ದುಡ್ಡು ಅವರದ್ದು, ಕೋರ್ಟಿಗೇನು ಹೇಳೋದು?”

ಮೂರು ವಾರ ಕಳೆದ ಮೇಲೆ, ಅಮ್ಮನ ಕಾಟ ತಾಳಲಾರದೆ, ನಾವಿಬ್ಬರೂ ಮೂಡಿಗೆರೆ ಬಸ್ಸು ಹತ್ತಿದೆವು. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನೋಣ ಎಂದರೂ ಅಪ್ಪಯ್ಯ ಇಳಿಯಲಿಲ್ಲ. ವಕೀಲರು ರಸೀದಿ ನೋಡಿ, “ಎಷ್ಟು ದಿನ ಆಯ್ತು?” ಎಂದರು. ಕೋರ್ಟಿನ ಹೊರಗೆ ಕೊಟ್ಟ ಹಣವನ್ನು ಕೋರ್ಟಿನಲ್ಲಿ ದಾಖಲು ಮಾಡಿಸಬೇಕಂತೆ. ಪಡೆದವರೇ ತಿಳಿಸಬೇಕು, ಅವರು ಸುಮ್ಮನಿದ್ದರೆ ಕೊಟ್ಟವರು 30 ದಿನದೊಳಗೆ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಡಿಕ್ರಿ ಜಾರಿ ಮಾಡುವ ಕೋರ್ಟು ಆ ಪಾವತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಣದ ಡಿಕ್ರಿಗೆ 12 ವರ್ಷ ಆಯುಸ್ಸು. ಅಷ್ಟರೊಳಗೆ ಯಾವಾಗ ಬೇಕಾದರೂ ತೋಟದ ಜಪ್ತಿಗೆ ಕೇಳಬಹುದು.

ಅಪ್ಪಯ್ಯನ ಮುಖ ಕಪ್ಪಿಟ್ಟಿತು. ಆಗಿದ್ದದ್ದು 23 ದಿನ. ಅಂದೇ ಅರ್ಜಿ ಹೋಯಿತು. ನೋಟಿಸು ತಲುಪಿ ಸಾಹುಕಾರರು ಬಂದರು, ಸ್ವಲ್ಪ ಮುನಿಸಿನಲ್ಲೇ. ಆದರೂ “ಹಣ ಪೂರ್ತಿ ಬಂದಿದೆ” ಎಂದು ಒಪ್ಪಿದರು. ಕೋರ್ಟು ಬರೆದುಕೊಂಡಿತು. ಅದರ ನಕಲೇ ಈ ಹಾಳೆ.

ಕೆಲವು ವರ್ಷದ ಮೇಲೆ ಸಾಹುಕಾರರು ತೀರಿಕೊಂಡರು. ಅವರ ಮಗನಿಗೆ ಕಪಾಟಿನಲ್ಲಿ ಹಳೆಯ ಡಿಕ್ರಿ ಸಿಕ್ಕಿ, ನಮ್ಮ ಮನೆಗೆ ಬಂದ. ಪಾಪ, ಅವನಿಗೇನೂ ಗೊತ್ತಿರಲಿಲ್ಲ. ಅಪ್ಪಯ್ಯ ಮಾತಾಡದೆ ಈ ಹಾಳೆ ಮುಂದಿಟ್ಟರು. ಓದಿ, ಕಾಫಿ ಕುಡಿದು ಹೋದ.

ಮೊಮ್ಮಗಳು ಹಾಳೆಯನ್ನು ಒಲೆಯಿಂದ ಎರಡಡಿ ದೂರಕ್ಕೆ ಸರಿಸಿದಳು. ಕಿಡಿ ಹಾರೀತು ಎಂದು.