ದೀಪದೆಣ್ಣೆಯ ಬಾಬ್ತು

ಕ್ರಿ.ಶ. 945ರ ಸೆಪ್ಟೆಂಬರ್ 9. ಭಾದ್ರಪದ ಅಮಾವಾಸ್ಯೆ, ಮಂಗಳವಾರ, ಮೇಲೆ ಸೂರ್ಯಗ್ರಹಣ. ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಗೆ ಆಗ ಪಾವಿಟ್ಟಗೆ ಎಂದು ಹೆಸರು. ಅಂದು ಆ ಊರಿನ ಶಾಲೆಯೊಂದಕ್ಕೆ ದತ್ತಿ ಬಿಟ್ಟರು. ಶಾಲೆ ಕಟ್ಟಿಸಿದವನು ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ. ದತ್ತಿ ಕೊಟ್ಟವನು ಊರೊಡೆಯ ಚಕ್ರಾಯುಧ. ಕೊಟ್ಟದ್ದನ್ನೆಲ್ಲ ಕಂಬದ ಮೇಲೆ ಸಂಸ್ಕೃತದಲ್ಲಿ ಕೆತ್ತಿಸಿದರು. ಎಪಿಗ್ರಾಫಿಯಾ ಇಂಡಿಕಾದ ನಾಲ್ಕನೆಯ ಸಂಪುಟದಲ್ಲಿ ಅದರ ಪಾಠ ಅಚ್ಚಾಗಿದೆ. ನಮ್ಮ ಶಿಕ್ಷಣ ಚರಿತ್ರೆಯ ಪುಸ್ತಕಗಳು ಈ ಶಾಸನವನ್ನು ‘ಪ್ರಾಚೀನ ವಿದ್ಯಾಕೇಂದ್ರ’ ಎಂಬ ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಹೋಗುತ್ತವೆ. ಅದನ್ನು ಒಂದು ಬಜೆಟ್ ಎಂದು ಓದಿದರೆ ಬೇರೆಯೇ ಸಂಗತಿ ಕಾಣುತ್ತದೆ.

ತೆರಿಗೆಯಿಲ್ಲದ 500 ನಿವರ್ತನ ಭೂಮಿ. ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಇರಲು 27 ಮನೆ. ಹೂದೋಟಕ್ಕೆ 4 ನಿವರ್ತನ. ಗುರುವಿಗೆ 50 ನಿವರ್ತನ, ಜೊತೆಗೆ ಒಂದು ಮನೆ. ದೀಪಕ್ಕೆ 12 ನಿವರ್ತನ. ಇಷ್ಟಕ್ಕೇ ನಿಲ್ಲಿಸಲಿಲ್ಲ. ಊರ ಬ್ರಾಹ್ಮಣರ ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ ಸಲ್ಲಬೇಕು, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಆ ಅರ್ಧದಲ್ಲೂ ಅರ್ಧ. ಔತಣ ನಡೆದರೆ ಗುರುವಿಗೂ ಶಿಷ್ಯರಿಗೂ ಕೈಲಾದಷ್ಟು ಉಣಬಡಿಸಬೇಕು.

ನಿವರ್ತನದ ಅಳತೆ ಕಾಲಕ್ಕೊಂದು, ಸೀಮೆಗೊಂದು. ಆದ್ದರಿಂದ ಎಕರೆ ಲೆಕ್ಕಕ್ಕಿಂತ ಪ್ರಮಾಣ ನೋಡುವುದು ಮೇಲು. ಗುರುವಿಗೆ ಐವತ್ತು, ದೀಪಕ್ಕೆ ಹನ್ನೆರಡು. ಮೇಷ್ಟ್ರ ಸಂಬಳದ ಹೆಚ್ಚೂಕಡಿಮೆ ಕಾಲುಭಾಗದಷ್ಟು ಬರೀ ಎಣ್ಣೆಗೆ! ಕಟ್ಟಡ ಕಟ್ಟಿಸಿದವನಿಗೂ ದತ್ತಿ ಕೊಟ್ಟವನಿಗೂ ಒಂದು ವಿಷಯ ಗೊತ್ತಿತ್ತು. ಕಟ್ಟುವ ಖರ್ಚು ಒಮ್ಮೆ ಬಂದು ಹೋಗುತ್ತದೆ, ದಿನಾ ಸಂಜೆ ದೀಪ ಹಚ್ಚುವ ಖರ್ಚು ಮುಗಿಯುವುದೇ ಇಲ್ಲ. ಹಾಗಾಗಿ ಎಣ್ಣೆಗೆ ಬೇರೆ ಬಾಬ್ತು ಮಾಡಿ, ಆ ಬಾಬ್ತಿಗೆ ಬೇರೆ ಹೊಲವನ್ನೇ ಕೊಟ್ಟರು. ಬರುವ ವರ್ಷ ಯಾರೂ ಕುಳಿತು ‘ಈ ಸಲ ದೀಪಕ್ಕೆ ಅನುದಾನ ಕೊಡಬೇಕೋ ಬೇಡವೋ’ ಎಂದು ಚರ್ಚಿಸುವ ಪ್ರಮೇಯವೇ ಇಲ್ಲ.

ಇದೇ ಜಿಲ್ಲೆಗೆ, ಸಾವಿರದ ಮೂವತ್ತು ವರ್ಷಗಳ ನಂತರ, ಆಕಾಶದಿಂದ ಪಾಠ ಬಂತು. 1975ರ ಆಗಸ್ಟ್ 1ರಂದು ಇಸ್ರೊ ಮತ್ತು ನಾಸಾ ಸೇರಿ ಆರಂಭಿಸಿದ ‘ಸೈಟ್’ ಎಂಬ ಉಪಗ್ರಹ ಟಿವಿ ಪಾಠದ ಪ್ರಯೋಗಕ್ಕೆ ಆರು ರಾಜ್ಯಗಳ 20 ಜಿಲ್ಲೆಗಳ ಸುಮಾರು 2400 ಹಳ್ಳಿಗಳನ್ನು ಆಯ್ದಿದ್ದರು. ಕರ್ನಾಟಕದ ಪಾಲಿಗೆ ಬಂದವು ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು. ಊರಿನ ಸಾರ್ವಜನಿಕ ಜಾಗದಲ್ಲಿ ಒಂದು ಟಿವಿ, ಮಾಳಿಗೆಯ ಮೇಲೆ ಹತ್ತು ಅಡಿ ಅಗಲದ ತಂತಿಬಲೆಯ ಬಟ್ಟಲು. ಬೆಳಗ್ಗೆ ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷದ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಹಾಡು, ನಾಟಕ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಬೆಂಗಳೂರಿಗೆ ದೂರದರ್ಶನ ಬರುವ ಮೊದಲೇ ಬಿಜಾಪುರದ ಹಳ್ಳಿ ಹುಡುಗರು ಉಪಗ್ರಹದಿಂದ ವಿಜ್ಞಾನ ಕಲಿತಿದ್ದರು ಎಂದರೆ ಇಂದಿನ ಬೆಂಗಳೂರಿಗರು ನಂಬಲಿಕ್ಕಿಲ್ಲ.

1976ರ ಜುಲೈ 31ಕ್ಕೆ ಎಲ್ಲ ಮುಗಿಯಿತು. ಉಪಗ್ರಹ ನಾಸಾದಿಂದ ಒಂದು ವರ್ಷಕ್ಕೆ ಕಡ ತಂದದ್ದು, ಅವರು ವಾಪಸು ತೆಗೆದುಕೊಂಡರು. ಆಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಟ್ರಾನ್ಸ್‌ಮಿಟರ್ ಒಂದನ್ನು ನಿಲ್ಲಿಸಿದರು, ಅದು ನಿಜ. ಆದರೆ ಟ್ರಾನ್ಸ್‌ಮಿಟರಿಗೆ ಒಂದು ಸುತ್ತಳತೆ ಇರುತ್ತದೆ. ಆ ಸುತ್ತಳತೆಯ ಹೊರಗೆ ಉಳಿದ ಊರಿನ ಟಿವಿ ಬರೀ ಪೆಟ್ಟಿಗೆ.

ಅಂದಿನಿಂದ ಇಂದಿನವರೆಗೆ ನಮ್ಮ ದೂರಕಲಿಕೆಯ ಕತೆ ಇದೇ ಜಾಡಿನಲ್ಲಿ ನಡೆದಿದೆ. 2001ರಲ್ಲಿ ‘ಮಾಹಿತಿ ಸಿಂಧು’ ಬಂತು. ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟು, ನಡೆಸುವ ಹೊಣೆಯನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಹಾಕಿದರು. ಗುತ್ತಿಗೆ ತೀರಿದಾಗ ಕಲಿಸುವವರೂ ಹೋದರು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್, ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠ ಕಳಿಸಿತು. 2010ರಲ್ಲಿ ಆ ಉಪಗ್ರಹದ ಆಯುಷ್ಯ ಮುಗಿಯಿತು. ಆಮೇಲೆ ಐಸಿಟಿ ಲ್ಯಾಬುಗಳು, 2016-17ರಲ್ಲಿ ತಂತ್ರಜ್ಞಾನದ ನೆರವಿನ ಕಲಿಕೆಯ ‘ಟಾಲ್ಪ್’ ಯೋಜನೆ, ಕೊರೊನಾ ಬಂದಾಗ ಚಂದನ ವಾಹಿನಿಯ ‘ಸಂವೇದ’ ಪಾಠ, ಆಕಾಶವಾಣಿಯ ಪಾಠ, ದೀಕ್ಷಾ ಆ್ಯಪ್. ಒಂದೊಂದರ ಉದ್ಘಾಟನೆಗೂ ಫೋಟೊ ಇದೆ. ಮುಕ್ತಾಯದ ಫೋಟೊ ಮಾತ್ರ ಯಾವುದಕ್ಕೂ ಇಲ್ಲ.

ಯಾಕೆಂದರೆ ನಮ್ಮಲ್ಲಿ ಕಡಿತ ಎನ್ನುವುದು ಆದೇಶವಾಗಿ ಬರುವುದಿಲ್ಲ. ಅಮೆರಿಕದ ಶಾಲಾ ಜಿಲ್ಲೆಯಲ್ಲಾದರೆ ಮಂಡಳಿ ಸಭೆ ಸೇರಿ, ಆನ್‌ಲೈನ್ ಶಾಲೆಗೆ ಇಷ್ಟು ಹಣ ಕಡಿಮೆ ಎಂದು ಮತ ಹಾಕುತ್ತದೆ. ತಾಯ್ತಂದೆಯರು ಎದ್ದು ನಿಂತು ಜಗಳ ಆಡುತ್ತಾರೆ. ಅಲ್ಲಿ ಕೊರೊನಾ ಕಾಲಕ್ಕೆ ಕೇಂದ್ರ ಸರ್ಕಾರ ಶಾಲೆಗಳಿಗೆ ಸುಮಾರು 190 ಬಿಲಿಯನ್ ಡಾಲರ್ ಕೊಟ್ಟಿತ್ತು. ಅದರ ಕೊನೆಯ ಕಂತನ್ನು ಯಾವುದಕ್ಕೆಂದು ಗೊತ್ತುಪಡಿಸಲು 2024ರ ಸೆಪ್ಟೆಂಬರ್ ಕೊನೆಯೇ ಗಡುವಾಗಿತ್ತು. ಆ ದುಡ್ಡಿನ ಮೇಲೆ ಎದ್ದ ಆನ್‌ಲೈನ್ ತರಗತಿಗಳಿಗೆ ಗಡುವಿನ ನಂತರ ಕುತ್ತು ಬಂತು, ಅದೂ ಎಲ್ಲರ ಕಣ್ಣೆದುರಿಗೇ ಬಂತು. ನಮ್ಮಲ್ಲಿ ಯೋಜನೆ ನಿಂತಿತೆಂದು ಯಾರೂ ಬರೆದುಕೊಡುವುದಿಲ್ಲ. ಎರಡನೆಯ ಕಂತು ಬಿಡುಗಡೆಯಾಗುವುದಿಲ್ಲ. ನಿರ್ವಹಣೆಯ ಕರಾರು ನವೀಕರಣವಾಗುವುದಿಲ್ಲ. ಯುಪಿಎಸ್‌ನ ಬ್ಯಾಟರಿ ಸತ್ತದ್ದಕ್ಕೆ ಹೆಡ್‌ಮಾಸ್ತರು ಪತ್ರ ಬರೆಯುತ್ತಾರೆ, ಪತ್ರಕ್ಕೆ ಉತ್ತರ ಬರುವುದಿಲ್ಲ. ಕೊನೆಗೊಂದು ದಿನ ಲ್ಯಾಬಿಗೆ ಬೀಗ ಬಿದ್ದು, ಬೀಗದ ಕೈ ಆಫೀಸಿನ ಮೊಳೆಗೆ ಹೋಗುತ್ತದೆ. ದಾಖಲೆಯಲ್ಲಿ ಆ ಶಾಲೆ ಇನ್ನೂ ಕಂಪ್ಯೂಟರ್ ಉಳ್ಳ ಶಾಲೆಯೇ. ಹೀಗೆ ಸದ್ದಿಲ್ಲದೆ ನಡೆಯುವ ಕಡಿತಕ್ಕೆ ಪ್ರತಿಭಟನೆಯೂ ಹುಟ್ಟುವುದಿಲ್ಲ. ಯಾವ ದಿನ, ಯಾರೆದುರು ಕೂಗಬೇಕು?

ಇದಕ್ಕೆ ಅಧಿಕಾರಿಗಳ ಆಲಸ್ಯವನ್ನು ಬೈಯುವುದು ಸುಲಭ. ಆದರೆ ತೊಡಕು ನಿಯಮದ ಒಳಗೇ ಇದೆ. ಕೇಂದ್ರ-ರಾಜ್ಯಗಳ ‘ಸಮಗ್ರ ಶಿಕ್ಷಣ’ ಯೋಜನೆಯ ಮಾನದಂಡ ನೋಡಿ. ಒಂದು ಶಾಲೆಯ ಐಸಿಟಿ ಲ್ಯಾಬಿಗೆ ಒಮ್ಮೆಗೆ 6.40 ಲಕ್ಷ ರೂಪಾಯಿವರೆಗೆ, ಆಮೇಲೆ ವರ್ಷಕ್ಕೆ 2.40 ಲಕ್ಷದವರೆಗೆ ಆವರ್ತಕ ವೆಚ್ಚ. ಸ್ಮಾರ್ಟ್ ಕ್ಲಾಸಿಗೆ ಒಮ್ಮೆಗೆ 2.40 ಲಕ್ಷ, ವರ್ಷಕ್ಕೆ 38 ಸಾವಿರ. ಈ ಆವರ್ತಕ ವೆಚ್ಚ ಐದು ವರ್ಷಕ್ಕೆ ಮಾತ್ರ. ಆರನೆಯ ವರ್ಷ ಏನು ಮಾಡಬೇಕೆಂದು ಕೇಳಿದರೆ ಎಲ್ಲರ ಬೆರಳೂ ಶಾಲಾ ಅನುದಾನದ ಕಡೆಗೆ ತಿರುಗುತ್ತದೆ. ಮೂವತ್ತು ಮಕ್ಕಳೊಳಗಿನ ಶಾಲೆಗೆ ಅದು ವರ್ಷಕ್ಕೆ 10 ಸಾವಿರ, ನೂರರವರೆಗೆ 25 ಸಾವಿರ, ಇನ್ನೂರೈವತ್ತರವರೆಗೆ 50 ಸಾವಿರ. ಸುಣ್ಣಬಣ್ಣ, ಚಾಕ್‌ಪೀಸು, ರಜಿಸ್ಟರು, ಶೌಚಾಲಯದ ಫಿನಾಯಿಲು, ರಿಪೇರಿ ಎಲ್ಲಕ್ಕೂ ಅದೇ ಗಂಟು. ಎತ್ತು ಕೊಡಿಸಿ ಐದು ವರ್ಷ ಮೇವು ಹಾಕಿ, ಆರನೆಯ ವರ್ಷ ಗೋದಲಿಗೆ ಬೆನ್ನು ಮಾಡಿದ ಹಾಗೆ. ವೆಚ್ಚದಲ್ಲಿ ಕೇಂದ್ರದ ಪಾಲು ಅರವತ್ತು, ರಾಜ್ಯದ್ದು ನಲವತ್ತು. ಒಬ್ಬರದು ತಡವಾದರೆ ಇನ್ನೊಬ್ಬರಿಗೆ ಅದೇ ನೆಪ.

‘ಮಾಸ್ತರರೇ ಇಲ್ಲದ ಕಡೆ ಟಿವಿ ತಗೊಂಡು ಏನ ಮಾಡೂಣ್ರಿ?’ ಎಂದು ಕೇಳುವವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನ್ಯಾಯವಾದ ಮಾತು. ಕೊರೊನಾ ಕಾಲದಲ್ಲೇ ಅದು ಗೊತ್ತಾಯಿತು. 2020ರ ಜೂನ್‌ನಲ್ಲಿ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು ರಾಜ್ಯ ಸರ್ಕಾರ ತಡೆಯಿತು, ಜುಲೈನಲ್ಲಿ ಹೈಕೋರ್ಟ್ ಆ ತಡೆಗೇ ತಡೆ ಕೊಟ್ಟಿತು. ನಗರದವರು ಈ ವಾದದಲ್ಲಿ ಮುಳುಗಿದ್ದಾಗ ಹಳ್ಳಿಗಳಲ್ಲಿ ಕೆಲಸ ಮಾಡಿದ್ದು ‘ವಿದ್ಯಾಗಮ’. ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳು, ವಠಾರದ ಜಗುಲಿ ಹುಡುಕಿಕೊಂಡು ಹೋಗಿ ಮಕ್ಕಳನ್ನು ಕೂರಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಪರದೆ ಎಂದೂ ಮಾಸ್ತರನಾಗದು ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೂ ಪರದೆಯನ್ನು ಸರ್ಕಾರಿ ಶಾಲೆಯಿಂದ ತೆಗೆಯಬಹುದು ಎನ್ನುವವರ ಜೊತೆ ನಾನಿಲ್ಲ. ಗಣಿತ, ವಿಜ್ಞಾನದ ಹುದ್ದೆ ಖಾಲಿ ಇರುವ ಪ್ರೌಢಶಾಲೆಗೆ ಅತಿಥಿ ಶಿಕ್ಷಕರು ಬಂದು ಸೇರುವಷ್ಟರಲ್ಲಿ ಮಳೆಗಾಲ ಅರ್ಧ ಕಳೆದಿರುತ್ತದೆ. ಆ ವಾರಗಳಲ್ಲಿ ರೆಕಾರ್ಡ್ ಮಾಡಿದ ಒಂದು ಒಳ್ಳೆಯ ಪಾಠ ಬರೀ ಅಲಂಕಾರವಲ್ಲ, ಮಕ್ಕಳಿಗೆ ಇರುವುದು ಅದೊಂದೇ. ಇನ್ನು ದೀಪಾವಳಿ ಮುಗಿಯುತ್ತಲೇ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೋ, ಕೂಲಿಗೆಂದು ಗೋವೆಗೋ ಹೊರಡುವ ಕುಟುಂಬಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಶಾಲೆಗಳಿಗೆ ಇದು ಪ್ರತಿ ವರ್ಷದ ಮಾತು. ತಾಯ್ತಂದೆಯರ ಸಂಗಡ ಹೋದ ಮಗು ಯುಗಾದಿಗೆ ಮರಳಿದಾಗ ಪುಸ್ತಕದ ಮುಕ್ಕಾಲು ಪಾಲು ಮುಗಿದುಹೋಗಿರುತ್ತದೆ. ಕನ್ನಡದ ಪಾಠ ಅಪ್ಪನ ಮೊಬೈಲಿನಲ್ಲಿ ಆ ಮಗುವಿನ ಹಿಂದೆ ಕಬ್ಬಿನ ಗದ್ದೆಯವರೆಗೂ ಹೋಗಬಹುದು. ಡೇಟಾ ಹಾಕಿಸುವವರು ಬೇಕು, ಮಗು ನೋಡಿತೋ ಇಲ್ಲವೋ ಎಂದು ಫೋನ್ ಮಾಡಿ ವಿಚಾರಿಸುವ ಒಬ್ಬ ಟೀಚರ್ ಬೇಕು. ಎರಡೂ ದಿನನಿತ್ಯದ ಖರ್ಚೇ. ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದೂ ಇಂಥದಕ್ಕೇ, ಏಕೆಂದರೆ ಇದಕ್ಕೆ ಶಿಲಾನ್ಯಾಸ ಮಾಡಲು ಬರುವುದಿಲ್ಲ.

ಶಾಸನಕ್ಕೆ ಮರಳುವ ಮುನ್ನ ಒಂದು ಎಚ್ಚರ. ಪಾವಿಟ್ಟಗೆಯ ಶಾಲೆಯನ್ನು ಹೊಗಳುವ ಭರದಲ್ಲಿ ಅಲ್ಲಿ ಯಾರು ಓದಿದರು ಎಂಬುದನ್ನು ಮರೆಯಬಾರದು. ಅದು ವೇದಶಾಸ್ತ್ರದ ಶಾಲೆ, ಬ್ರಾಹ್ಮಣ ಹುಡುಗರದ್ದು. ಆ ದೀಪದ ಹೊಲವನ್ನು ಉತ್ತವನ ಮಗ ಆ ದೀಪದ ಬೆಳಕಿನಲ್ಲಿ ಕೂತು ಓದಲಿಲ್ಲ. ನಾಗಾವಿಯ ಘಟಿಕಾಸ್ಥಾನ ಎಂಬ ಹಳೆಯ ವಿದ್ಯಾಕೇಂದ್ರವೂ ಹಾಗೆಯೇ. ಅಲ್ಲಿನ 1058ರ ಶಾಸನದಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗಳಿಗೆ, ಅಂದರೆ ಗ್ರಂಥಪಾಲಕರಿಗೆ, ಉಂಬಳಿಯ ಲೆಕ್ಕವಿದೆ. (ಇಂದು ಒಬ್ಬ ಗ್ರಂಥಪಾಲಕರಾದರೂ ಇರುವ ಸರ್ಕಾರಿ ಹಳ್ಳಿ ಶಾಲೆಯನ್ನು ಹುಡುಕಿ ನೋಡಿ.) ಕೆಲವರಿಗೇ ಮೀಸಲಾದದ್ದನ್ನು ಗಟ್ಟಿಯಾಗಿ ಕಟ್ಟಿದ ಕಾಲ ಅದು. ನಮ್ಮ ಕಾಲ ಎಲ್ಲರಿಗೂ ಬಾಗಿಲು ತೆರೆಯಿತು. ಗಟ್ಟಿತನದ ಪಾಠ ಮಾತ್ರ ಆ ಕಂಬದಲ್ಲೇ ಉಳಿಯಿತು.

ಮದುವೆಗೆ ಐದು ನಾಣ್ಯದ ಪದ್ಧತಿಯನ್ನು ಇಂದಿನ ಊರ ಮೇಲೆ ಹೊರಿಸುವುದೂ ಸಲ್ಲ. 2022ರ ಅಕ್ಟೋಬರಿನಲ್ಲಿ ಅಂಥದೊಂದು ಪ್ರಯತ್ನ ನಡೆದಿತ್ತು. ಸರ್ಕಾರಿ ಶಾಲೆಯ ಮಕ್ಕಳ ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಶಾಲಾಭಿವೃದ್ಧಿ ಸಮಿತಿಗಳಿಗೆ (ಎಸ್‌ಡಿಎಂಸಿ) ಅನುಮತಿ ಕೊಡುವ ಸುತ್ತೋಲೆ ಹೊರಟಿತು. ಗದ್ದಲವೆದ್ದು ಕೆಲವೇ ದಿನಗಳಲ್ಲಿ ವಾಪಸಾಯಿತು. ಸರಿಯೇ ಆಯಿತು. ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕು ವರ್ಷದವರೆಗೆ ಉಚಿತ ಎನ್ನುವಾಗ ಕೂಲಿಯವನ ಜೇಬಿಗೆ ಕೈ ಹಾಕುವುದು ಯಾವ ನ್ಯಾಯ? ಪಾಲಕರು ಈಗಾಗಲೇ ಕೊಟ್ಟಿದ್ದಾರೆ ಬೇರೆ. 2004ರಿಂದ ಕೇಂದ್ರದ ತೆರಿಗೆಗಳ ಮೇಲೆ ಶಿಕ್ಷಣ ಸೆಸ್ ಬಿದ್ದಿದೆ. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಶೇ. 1 ಹೆಚ್ಚುವರಿಯಾಗಿ ಸೇರಿತು. ಹೀಗೆ ಪ್ರೌಢ-ಉನ್ನತ ಶಿಕ್ಷಣದ ಹೆಸರಿನಲ್ಲಿ 2016-17ರವರೆಗೆ ಕೂಡಿದ 83,497 ಕೋಟಿ ರೂಪಾಯಿಗೆ ಒಂದು ಪ್ರತ್ಯೇಕ ನಿಧಿಯೇ ಇರಲಿಲ್ಲ ಎಂದು ಮಹಾಲೇಖಪಾಲರ ವರದಿ ಹೇಳಿತು. ಬಾಬ್ತಿನ ಹೆಸರಿನಲ್ಲಿ ಹಣ ಎತ್ತಿ ಬಾಬ್ತನ್ನೇ ತೆರೆಯದಿದ್ದದ್ದು ಚಕ್ರಾಯುಧನಿಗೆ ಅರ್ಥವಾಗುತ್ತಿರಲಿಲ್ಲ.

ಒಂದು ಒಳ್ಳೆಯ ಹೆಜ್ಜೆಯನ್ನೂ ಹೇಳಬೇಕು. 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ಕುಡಿಯುವ ನೀರು ಉಚಿತವೆಂದು ಸಾರಿದರು. ಬಿಲ್ ಕಟ್ಟದೆ ಫ್ಯೂಸ್ ಕಿತ್ತುಕೊಂಡ ಶಾಲೆಗಳನ್ನು ಕಂಡವರಿಗೆ ಅದು ಸಣ್ಣ ಸಂಗತಿ ಅಲ್ಲ. ಅದೇ ದಾರಿಯಲ್ಲಿ ಮುಂದಿನದು ಇಂಟರ್ನೆಟ್, ಬ್ಯಾಟರಿ, ರಿಪೇರಿಯವನ ಕೂಲಿ, ಲ್ಯಾಬಿನಲ್ಲಿ ಕೂರುವ ಒಬ್ಬರ ಸಂಬಳ. ಐದು ವರ್ಷದ ಮಿತಿ ತೆಗೆದು ಇವನ್ನೂ ಶಾಲೆಯ ಕಾಯಂ ಖರ್ಚಿಗೆ ಸೇರಿಸಬೇಕು. ಜೊತೆಗೆ, ಪ್ರತಿ ಮಾರ್ಚಿನ ಬಜೆಟ್ ಭಾಷಣದಲ್ಲಿ ಹೊಸದಾಗಿ ಎಷ್ಟು ಸ್ಮಾರ್ಟ್ ಕ್ಲಾಸ್ ಎಂದು ಘೋಷಿಸುವ ಮೊದಲು, ಹಿಂದೆ ಕೊಟ್ಟವುಗಳಲ್ಲಿ ಎಷ್ಟು ನಡೆಯುತ್ತಿವೆ, ಯಾವ ತಾಲೂಕಿನಲ್ಲಿ ಎಷ್ಟಕ್ಕೆ ಬೀಗ ಬಿದ್ದಿದೆ ಎಂಬ ಪಟ್ಟಿಯನ್ನು ಸದನದ ಮುಂದಿಡಲಿ. ಇಂಡಿಯ ಪುಟವನ್ನು ಓದಲು ಇಲ್ಲಿ ಜನ ಇದ್ದಾರೆ.