ಇಬ್ಬರ ಪಯಣ, ಒಬ್ಬರ ಮರಳುವಿಕೆ

ಅಕ್ಕಲಕೋಟೆಯ ನನ್ನ ಪರಿಚಯದ ದಂಪತಿಗಳು ನಿವೃತ್ತಿಯ ಬಳಿಕ ಒಂದೂವರೆ ತಿಂಗಳ ಕಾಲ ಹಲವು ದೇಶಗಳಲ್ಲಿ ಸಂಚರಿಸಿ ಈಚೆಗೆ ಮರಳಿದರು. ಕಾಣಹೋದಾಗ ಛಾಯಾಚಿತ್ರಗಳ ರಾಶಿಯನ್ನೇ ತೋರಿಸಿದರು. ‘ಆ ಸೀಮೆಯವರ ಮನೆಯಲ್ಲಿ ಒಂದು ತುತ್ತಾದರೂ ಉಂಡಿರಾ?’ ಎಂದು ಕೇಳಿದೆ. ಗೃಹಿಣಿ ನಕ್ಕು, ‘ಇಲ್ಲರಿ ಗುರುಗಳೇ, ನಮ್ಮ ಗುಂಪಿನವರನ್ನು ಬಿಟ್ಟರೆ ಯಾರ ಕೂಡವೂ ಮಾತೇ ಆಗಲಿಲ್ಲ’ ಎಂದರು.

ಆ ಮಾತು ಕೇಳಿ ಸೊಲ್ಲಾಪುರಕ್ಕೇ ಸೇರಿದ ಇನ್ನೊಂದು ದಾಂಪತ್ಯ ನನ್ನ ಕಣ್ಣಮುಂದೆ ನಿಂತಿತು.

ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಜಪಾನಿನ ಆಕ್ರಮಣದಿಂದ ನೊಂದಿದ್ದ ಚೀನಾದ ನೆರವಿಗೆಂದು ಕಾಂಗ್ರೆಸ್ ಕಳುಹಿಸಿದ ಐವರು ವೈದ್ಯರಲ್ಲಿ ಅವರೂ ಒಬ್ಬರು. 1938ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗನ್ನೇರಿದರು. ಉಳಿದ ನಾಲ್ವರು ಕಾಲಕ್ರಮದಲ್ಲಿ ತಾಯ್ನಾಡಿಗೆ ಮರಳಿದರು, ಇವರು ಮರಳಲಿಲ್ಲ.

ಅವರು ಅಲ್ಲಿ ಪ್ರವಾಸಿಯಾಗಿ ಉಳಿಯಲಿಲ್ಲ. ಚೀನೀ ಭಾಷೆಯನ್ನು ಕಲಿತು, ಅದರಲ್ಲಿಯೇ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಅಲ್ಲಿಯ ಜನ ಅವರನ್ನು ‘ಕೆ ದಿಹುವಾ’ ಎಂದು ಕರೆದರು. 1940ರಲ್ಲಿ, ಕೆನಡಾದ ವೈದ್ಯ ನಾರ್ಮನ್ ಬೆಥೂನರ ಸಮಾಧಿಯ ಸಮಾರಂಭದಲ್ಲಿ ಗುವೋ ಚಿಂಗ್‌ಲಾನ್ ಎಂಬ ದಾದಿಯ ಪರಿಚಯವಾಯಿತು. ಮರುವರ್ಷ ಬೆಥೂನರ ಹೆಸರಿನ ಆಸ್ಪತ್ರೆಯ ಹೊಣೆ ಕೋಟ್ನೀಸರ ಹೆಗಲೇರಿತು. ಅದೇ ವರ್ಷ ಅವರಿಬ್ಬರ ವಿವಾಹವೂ ನಡೆಯಿತು. 1942ರ ಆಗಸ್ಟಿನಲ್ಲಿ ಗಂಡುಮಗು ಹುಟ್ಟಿತು. ಹೆಸರು ಯಿನ್‌ಹುವಾ: ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನಾ. ಎರಡು ನಾಡುಗಳು ಒಂದು ಕೂಸಿನ ಹೆಸರಿನಲ್ಲಿ ಜಗಳವಿಲ್ಲದೆ ಕೂಡಿಕೊಂಡವು.

ಆ ವರ್ಷದ ಡಿಸೆಂಬರ್ 9ರಂದು ಕೋಟ್ನೀಸರು ಮೂರ್ಛೆರೋಗಕ್ಕೆ ಬಲಿಯಾದರು. ಆಗ ಅವರಿಗೆ 32 ವರ್ಷ. ಪತಿಯೊಡನೆ ಅತ್ತೆಯ ಮನೆಯ ಹೊಸ್ತಿಲು ತುಳಿಯುವ ಭಾಗ್ಯ ಆ ಸೊಸೆಗೆ ಒದಗಲೇ ಇಲ್ಲ.

ಆದರೆ ಸೊಸೆ ಬಂದಳು. 1958ರಲ್ಲಿ ಮೊದಲ ಬಾರಿಗೆ, ಆಮೇಲೆ ಮತ್ತೆ ಮತ್ತೆ, ಗಂಡನ ನಾಡಿಗೆ ಬಂದು ಅವನ ಬಂಧುಗಳನ್ನು ಕಂಡಳು. ಮರುಮದುವೆಯಾದರೂ ಈ ನಂಟನ್ನು ಕಡಿದುಕೊಳ್ಳಲಿಲ್ಲ. ವೈದ್ಯವಿದ್ಯೆ ಓದುತ್ತಿದ್ದ ಯಿನ್‌ಹುವಾ 1967ರಲ್ಲಿ ತೀರಿಕೊಂಡನು; ಆಗಲೂ ನಂಟು ಹರಿಯಲಿಲ್ಲ. ಇಬ್ಬರೂ ಕೂಡಿ ನಡೆಯಬೇಕಾಗಿದ್ದ ದಾರಿಯನ್ನು 2012ರಲ್ಲಿ ತಾನು ಕಣ್ಣು ಮುಚ್ಚುವವರೆಗೆ ಆಕೆ ಒಬ್ಬಳೇ ನಡೆದಳು. ಅದೇ ವರ್ಷ ಸೊಲ್ಲಾಪುರದ ಭೈಯಾ ಚೌಕದಲ್ಲಿ ಕೋಟ್ನೀಸರ ಮನೆ ಸ್ಮಾರಕವಾಗಿ ತೆರೆಯಿತು.

ಗಡಿಯಾಚೆ ಬಾಳುವ ನಮಗೆ ಈ ಕಥೆ ದೂರದ್ದಲ್ಲ. ‘ಮರಾಠಿ ಚೆನ್ನಾಗಿ ಕಲಿತರೆ ಮಗು ಕನ್ನಡ ಮರೆಯುವುದಿಲ್ಲವೇ?’ ಎಂದು ಕೆಲವು ತಾಯಂದಿರು ನನ್ನನ್ನು ಕೇಳುತ್ತಾರೆ. ‘ಕನ್ನಡ ಶಾಲೆಗೆ ಹಾಕಿದರೆ ಇಲ್ಲಿ ಅನ್ನ ಸಿಕ್ಕೀತೇ?’ ಎಂಬುದು ಇನ್ನು ಕೆಲವರ ಅಳಲು. ಎರಡೂ ಭಯಗಳನ್ನು ನಾನು ಹಗುರಾಗಿ ಕಾಣಲಾರೆ. ಆದರೂ ನೆರೆಯವರ ಮಾತನ್ನು ಪ್ರೀತಿಯಿಂದ ಕಲಿತವನು ತನ್ನ ಮನೆಯನ್ನು ಕಳೆದುಕೊಳ್ಳುವುದಿಲ್ಲ, ಇನ್ನೊಂದು ಮನೆಯನ್ನು ಗಳಿಸುತ್ತಾನೆ. ಮನೆಯ ಮಾತು ಅಳಿಯುವುದು ಹೊರಗಿನ ಮಾತಿನಿಂದಲ್ಲ, ಒಳಗೆ ಅದನ್ನು ಆಡದೆ ಹೋಗುವುದರಿಂದ.

ಇನ್ನು ಮುಂದೆ ದೇಶ ನೋಡಹೊರಡುವ ದಂಪತಿಗಳಿಗೆ ನನ್ನದೊಂದೇ ವಿನಂತಿ: ಹೋದ ಊರಿನಲ್ಲಿ ಒಂದು ಮನೆಯ ಹೊಸ್ತಿಲನ್ನಾದರೂ ದಾಟಿ ಬನ್ನಿರಿ. ಅವರ ನುಡಿಯಲ್ಲಿ ‘ಚೆನ್ನಾಗಿದ್ದೀರಾ?’ ಎಂದು ಕೇಳುವಷ್ಟನ್ನಾದರೂ ಕಲಿತು ಹೊರಡಿರಿ.